ಹಬ್ಶಿ ಮತ್ತು ಸಿದ್ದಿ: ಕನ್ನಡನಾಡಿನಲ್ಲಿ ಆಫ್ರಿಕ ವಂಶೀಯರ ಮಾನಾಪಮಾನಗಳ ವಿಚಾರ

ರೋಣ, ನರಗುಂದ, ಗಜೇಂದ್ರಗಡ ಈ ಮೂರು ಸ್ಥಳಗಳ ಸುತ್ತಣ ಎರೆಯ ಸೀಮೆಯು ಕನ್ನಡನಾಡಿನ ರಾಜಕೀಯ ಇತಿಹಾಸದಲ್ಲಿ ಚಿರಪರಿಚಿತವಾದುದು. ೧೬೭೪ರಲ್ಲಿ ಶಿವಾಜಿಯು ನರಗುಂದದ ಗುಡ್ಡದ ಮೇಲೆ ಕಟ್ಟಿಸಿದ ಕೋಟೆ, ೧೭೮೫ರಲ್ಲಿ ಟೀಪೂ ಸುಲ್ತಾನನ ದಂಡು ಅದಕ್ಕೆ ಹಾಕಿದ ಮುತ್ತಿಗೆ, ೧೭೮೭ರಲ್ಲಿ ಗಜೇಂದ್ರಗಡದಲ್ಲಿ ಮರಾಠರಿಗೂ ಮೈಸೂರಿನವರಿಗೂ ಆದ ಒಪ್ಪಂದ, ೧೮೫೮ರಲ್ಲಿ ನರಗುಂದದ ಬಾಬಾಸಾಹೇಬನು ಹೂಡಿದ ಬಂಡಾಯ, ಇವುಗಳನ್ನು ಈ ಸೀಮೆಯ ಶಾಲಾಬಾಲಕರೂ ಬಲ್ಲರು. ಆದರೆ ವಿಜಯನಗರದ ಪತನದ ತರುವಾಯ, ಶಿವಾಜಿಯ ಕೋಟೆಗಿಂತ ಪೂರ್ವದಲ್ಲಿ, ಸುಮಾರು ಒಂದು ನೂರು ವರ್ಷ ಈ ನೆಲವು ವಿಜಾಪುರದ ಆದಿಲಶಾಹಿಯ ಅಧೀನದಲ್ಲಿದ್ದಿತು. ಆ ನೂರು ವರ್ಷಗಳೊಳಗೆ ಕೆಲವು ಕಾಲ ರಾಜ್ಯದ ಸೂತ್ರಗಳು ಆಫ್ರಿಕ ಖಂಡದಿಂದ ಬಂದ ಹಬ್ಶಿ ಅಮಾತ್ಯರ ಕೈಯಲ್ಲಿದ್ದುವೆಂಬ ಸಂಗತಿಯು ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಇದೇ ಸೀಮೆಯು ೧೯೯೭ರಲ್ಲಿ ಗದಗ ಜಿಲ್ಲೆಯಾಗುವವರೆಗೆ ಧಾರವಾಡ ಜಿಲ್ಲೆಯ ಪೂರ್ವಭಾಗವಾಗಿದ್ದಿತು. ಆ ಹಳೆಯ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಕಲಘಟಗಿಯ ಅಡವಿಯ ಸೆರಗಿನಲ್ಲಿಯೂ, ಅಲ್ಲಿಂದ ಮುಂದೆ ಹಳಿಯಾಳ, ಮುಂಡಗೋಡ, ಯಲ್ಲಾಪುರ, ಅಂಕೋಲೆ, ಖಾನಾಪುರಗಳ ಕಾಡುಗಳಲ್ಲಿಯೂ ಸಿದ್ದಿಗಳೆಂಬ ಜನರು ವಾಸಿಸುತ್ತಾರೆ. ಇವರೂ ಆಫ್ರಿಕ ವಂಶದವರೇ. ಪೂರ್ವದಿಕ್ಕಿನ ರಾಜಧಾನಿಯಲ್ಲಿ ಸಿಂಹಾಸನದ ಪಕ್ಕದಲ್ಲಿ ಕುಳಿತವನ ಬಣ್ಣವೂ, ಪಶ್ಚಿಮದ ತೋಟದಲ್ಲಿ ಅಂಗಳದ ಹೊರಗೆ ನಿಂತವನ ಬಣ್ಣವೂ ಒಂದೇ. ಹೀಗಿರಲು ಒಬ್ಬನಿಗೆ ಮಾನವೂ ಇನ್ನೊಬ್ಬನಿಗೆ ಅಪಮಾನವೂ ಹೇಗೆ ಪ್ರಾಪ್ತವಾದವು? ಸ್ವಮತದವರೂ ಸ್ವಭಾಷೆಯವರೂ ತಮ್ಮೊಳಗಿನ ಕರಿಯರನ್ನು ಏಕೆ ದೂರವಿಟ್ಟರು? ಈ ಪ್ರಶ್ನೆಗಳ ವಿಚಾರವೇ ಪ್ರಸ್ತುತ ಲೇಖನದ ವಿಷಯವು.

೧. ಶಬ್ದವಿಚಾರ

ಆಫ್ರಿಕ ವಂಶೀಯರಿಗೆ ಈ ಪ್ರಾಂತದಲ್ಲಿ ಮುಖ್ಯವಾಗಿ ಮೂರು ಹೆಸರುಗಳು ಬಳಕೆಯಲ್ಲಿ ಬಂದಿವೆ. 'ಹಬ್ಶಿ' ಎಂಬದು ಅರಬ್ಬೀ ಭಾಷೆಯಲ್ಲಿ ಅಬಿಸೀನಿಯ ದೇಶಕ್ಕಿರುವ 'ಹಬಶ' ಎಂಬ ಹೆಸರಿನಿಂದ ಹುಟ್ಟಿದುದು. ಅದು ಕೇವಲ ದೇಶವಾಚಕವು. 'ಸಿದ್ದಿ' ಎಂಬದು ಅದೇ ಭಾಷೆಯ 'ಸಯ್ಯಿದೀ', ಎಂದರೆ 'ನನ್ನ ಒಡೆಯ' ಎಂಬ ಗೌರವವಾಚಕದಿಂದ ಬಂದುದೆಂದು ವಿದ್ವಾಂಸರ ಅಭಿಪ್ರಾಯ. ಪಶ್ಚಿಮ ತೀರದ ಜಂಜೀರೆಯ ದುರ್ಗಾಧಿಪತಿಗಳು ಇದನ್ನು ಬಿರುದಿನಂತೆ ಧರಿಸಿದ್ದರು. ಕನ್ನಡದಲ್ಲಿ ಕೆಲವರು ಇದನ್ನು ಮಹಾಪ್ರಾಣದಿಂದ 'ಸಿದ್ಧಿ' ಎಂದು ಬರೆಯುವದುಂಟು. ಸಂಸ್ಕೃತದ ಸಿದ್ಧಿ ಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಮೂರನೆಯದು ಕೊಂಕಣಿಯ 'ಖಾಪ್ರಿ' ಎಂಬದು. ಅರಬ್ಬೀ 'ಕಾಫಿರ' ಶಬ್ದವು ಪೋರ್ತುಗೀಜರ ಬಾಯಲ್ಲಿ 'ಕಾಫ್ರೆ' ಆಗಿ, ಗೋವೆಯ ದಾಸ್ಯದ ಸಂತೆಗಳ ಮುಖಾಂತರ ಕರಾವಳಿಯ ಮಾತಿನೊಳಗೆ ಸೇರಿತು. ಹೀಗೆ ಒಂದು ಹೆಸರು ನಾಡನ್ನು ಹೇಳುತ್ತದೆ, ಒಂದು ಗೌರವವನ್ನು, ಇನ್ನೊಂದು ಹೀನಾಯವನ್ನು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸತಕ್ಕದ್ದು. ಕಪ್ಪು ಬಣ್ಣವೆಂಬದು ಕನ್ನಡಿಗರಿಗೆ ಪರಕೀಯವಲ್ಲ. ಕರಿಯಪ್ಪ, ಕರಿಯಮ್ಮ, ಕರೆವ್ವ ಎಂಬ ಹೆಸರುಗಳು ಮನುಷ್ಯರಿಗೂ ದೇವತೆಗಳಿಗೂ ಉಂಟು. 'ಕರ್ನಾಟ' ಶಬ್ದವನ್ನೇ ಕರಿಯ ಮಣ್ಣಿನ ನಾಡೆಂದು ಬಿಡಿಸುವ ಪಂಡಿತರಿದ್ದಾರೆ. ಆ ನಿಷ್ಪತ್ತಿಯನ್ನು ಒಪ್ಪಲಿ ಬಿಡಲಿ, ರೋಣ ನರಗುಂದಗಳ ಒಕ್ಕಲಿಗನು ಕರಿಯ ಎರೆಯನ್ನೇ ಅನ್ನದಾತೆಯೆಂದು ಪೂಜಿಸುತ್ತಾನೆ. ಆದುದರಿಂದ ಆಫ್ರಿಕ ವಂಶೀಯರ ತಿರಸ್ಕಾರಕ್ಕೆ ಬಣ್ಣವೊಂದೇ ಕಾರಣವೆನ್ನುವದು ಸಾಲದು. ಆ ಬಣ್ಣಕ್ಕೂ ಗುಂಗುರು ಕೂದಲಿಗೂ ದಾಸ್ಯದ ನೆನಪು ಅಂಟಿಕೊಂಡುದೇ ಅದರ ಮೂಲವೆಂಬದು ಮುಂದಿನ ವಿವೇಚನೆಯಿಂದ ತಿಳಿದುಬರುವದು.

೨. ಆಸ್ಥಾನದ ಹಬ್ಶಿಗಳು

ದಖ್ಖಣದ ಸುಲ್ತಾನರು ತಮ್ಮ ಸೈನ್ಯಕ್ಕಾಗಿ ಅಬಿಸೀನಿಯ ಪ್ರಾಂತದ ಯುವಕರನ್ನು ಕೆಂಪು ಸಮುದ್ರ ಮತ್ತು ಇರಾಣದ ಖಾರಿಗಳ ಮಾರ್ಗವಾಗಿ ತರಿಸಿಕೊಳ್ಳುತ್ತಿದ್ದರು. ಇವರು ಕ್ರಯಕ್ಕೆ ಕೊಂಡ ದಾಸರು. ಆದರೆ ತೋಟದ ಅಥವಾ ಗಣಿಯ ದಾಸರಲ್ಲ, ಆಯುಧ ಹಿಡಿಯುವ ದಾಸರು. ಒಡೆಯನು ಸತ್ತ ಬಳಿಕ ಬಹುಮಂದಿ ಸ್ವತಂತ್ರರಾಗಿ, ತಾವೇ ದಂಡು ಕಟ್ಟಿ ಸರದಾರರಾಗುತ್ತಿದ್ದರು. ಹೀಗೆ ದಾಸ್ಯವೇ ಅವರಿಗೆ ಏಣಿಯಾಯಿತು. ಏಣಿಯ ಮೇಲೇರಿದ ನಂತರವೂ ಮೊದಲಿನ ಮೆಟ್ಟಿಲನ್ನು ಇತರರು ಮರೆಯಲಿಲ್ಲ.

ಆಗಿನ ಆಸ್ಥಾನಗಳಲ್ಲಿ ಎರಡು ಪಕ್ಷಗಳಿದ್ದುವು. ಇರಾಣ, ಅರಬಸ್ಥಾನ, ತುರ್ಕಿಸ್ಥಾನಗಳಿಂದ ಹೊಸದಾಗಿ ಬಂದವರು ಆಫಾಕಿಗಳು ಅಥವಾ ಪರದೇಶಿಗಳೆನಿಸಿಕೊಂಡರು. ಈ ನಾಡಿನಲ್ಲಿ ನೆಲೆಯೂರಿದ ಮುಸಲ್ಮಾನರು ದಖ್ಖಣಿಗಳೆನಿಸಿಕೊಂಡರು. ಹಬ್ಶಿಗಳೂ ಸಮುದ್ರವನ್ನು ದಾಟಿ ಬಂದವರೇ. ಆದರೂ ಅವರನ್ನು ಯಾರೂ ಪರದೇಶಿಗಳ ಗೌರವದ ಪಂಕ್ತಿಯಲ್ಲಿ ಸೇರಿಸಲಿಲ್ಲ. ಅವರು ದಖ್ಖಣಿಗಳ ಪಕ್ಷದಲ್ಲಿಯೇ ನಿಂತರು. ಬಹಮನಿ ಸುಲ್ತಾನ ಎರಡನೆಯ ಅಲಾಉದ್ದೀನ ಅಹಮದನ ಕಾಲದಲ್ಲಿ (೧೪೩೬–೫೮) ದರಬಾರಿನ ಬಲಗಡೆಗೆ ಪರದೇಶಿಗಳೂ, ಎಡಗಡೆಗೆ ದಖ್ಖಣಿಗಳೂ ಹಬ್ಶಿಗಳೂ ನಿಲ್ಲತಕ್ಕದ್ದೆಂದು ವಿಧಿಸಲಾಯಿತೆಂದು ಫೆರಿಶ್ತಾನು ಹೇಳುತ್ತಾನೆ. ಸಮುದ್ರದಾಚೆಯ ಹುಟ್ಟು ಬಿಳಿಯವನಿಗೆ ಕುಲೀನತೆಯ ಲಕ್ಷಣವಾದರೆ ಕರಿಯನಿಗೆ ಅದರಿಂದ ಏನೂ ಲಾಭವಾಗಲಿಲ್ಲವೆಂಬದು ಈ ವ್ಯವಸ್ಥೆಯಿಂದ ಸ್ಪಷ್ಟವಾಗುವದು.

ವಿಜಾಪುರದಲ್ಲಿ ಈ ಭೇದವು ರಾಜಾಜ್ಞೆಯ ರೂಪವನ್ನೇ ತಾಳಿತು. ಇಸ್ಮಾಯಿಲ ಆದಿಲಶಹನು (೧೫೧೦–೩೪) ತನ್ನ ಸೇವೆಯಲ್ಲಿ ಪರದೇಶಿಗಳ ಹೊರತು ದಖ್ಖಣಿಗಳನ್ನಾಗಲಿ ಹಬ್ಶಿಗಳನ್ನಾಗಲಿ ಸೇರಿಸಬಾರದೆಂದು ಬಹುಕಾಲ ನಿಯಮವನ್ನಿಟ್ಟಿದ್ದನು. ಅವನ ಮಗನಾದ ಮೊದಲನೆಯ ಇಬ್ರಾಹಿಮನು ೧೫೩೪ರಲ್ಲಿ ಪಟ್ಟವೇರಿ ಈ ನೀತಿಯನ್ನು ತಿರುಗಿಸಿ, ಪರದೇಶಿಗಳಲ್ಲಿ ಬಹುಮಂದಿಯನ್ನು ಕೆಲಸದಿಂದ ತೆಗೆದು ದಖ್ಖಣಿಗಳಿಗೂ ಹಬ್ಶಿಗಳಿಗೂ ಬಾಗಿಲು ತೆರೆದನು. ಅದರ ಫಲವು ಎರಡನೆಯ ಇಬ್ರಾಹಿಮನ ಬಾಲ್ಯದಲ್ಲಿ ಕಂಡುಬಂದಿತು: ಮೊದಲು ಇಖ್ಲಾಸಖಾನ, ತರುವಾಯ ೧೫೮೨ರಿಂದ ೧೫೯೦ರವರೆಗೆ ದಿಲಾವರಖಾನ, ಹೀಗೆ ಹಬ್ಶಿ ಸರದಾರರು ರಾಜಪ್ರತಿನಿಧಿಗಳಾಗಿ ರಾಜ್ಯವಾಳಿದರು. ಧಾರವಾಡ, ಬಂಕಾಪುರಗಳ ಸೀಮೆಯು ಆದಿಲಶಾಹಿಗೆ ಸೇರಿ ಆಗಿನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ರೋಣ ನರಗುಂದಗಳ ರೈತನು ಕೊಟ್ಟ ತೆರಿಗೆಯು ಸಂದಾಯವಾದುದು ದಿಲಾವರಖಾನನು ನಡೆಯಿಸುತ್ತಿದ್ದ ಬೊಕ್ಕಸಕ್ಕೆ.

ಮುಹಮ್ಮದ ಆದಿಲಶಹನ (೧೬೨೭–೫೬) ಕಾಲದಲ್ಲಿ ಇನ್ನೊಬ್ಬ ಇಖ್ಲಾಸಖಾನನು ಸುಲ್ತಾನನ ಪ್ರಧಾನನಾಗಿದ್ದನು. ಸುಲ್ತಾನನೂ ಅವನೂ ಒಂದೇ ಆನೆಯ ಮೇಲೆ ಕುಳಿತ ವಿಜಾಪುರದ ಚಿತ್ರವೊಂದು ಪ್ರಸಿದ್ಧವಾಗಿದೆ. ಅದರಲ್ಲಿ ಚಿತ್ರಕಾರರು ಅಮಾತ್ಯನ ಕಪ್ಪು ಮುಖವನ್ನು ಮರೆಮಾಡದೆ, ವಿಕಾರಗೊಳಿಸದೆ, ಗಾಂಭೀರ್ಯದಿಂದ ಬರೆದಿದ್ದಾರೆ. ೧೬೬೦ರಲ್ಲಿ ಪನ್ಹಾಳದಲ್ಲಿ ಶಿವಾಜಿಯನ್ನು ಮುತ್ತಿದ ಸಿದ್ದಿ ಜೌಹರನೂ, ರಾಜ್ಯದ ಕೊನೆಗಾಲದಲ್ಲಿ ರಾಜಪ್ರತಿನಿಧಿಯಾಗಿದ್ದು ಬಳಿಕ ಆದವಾನಿಗೆ ಸರಿದ ಸಿದ್ದಿ ಮಸೂದನೂ ಇದೇ ಪರಂಪರೆಯವರು. ೧೬೮೬ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದ ಮೇಲೆ ಈ ಪರಂಪರೆಯು ಮುರಿಯಿತು.

೩. ಅಧಿಕಾರದ ನೆರಳಿನಲ್ಲಿ ಅಪಮಾನ

ಇಷ್ಟರಿಂದ ದಖ್ಖಣದಲ್ಲಿ ಬಣ್ಣದ ತಿರಸ್ಕಾರವಿರಲಿಲ್ಲವೆಂದು ಕೆಲವರು ಊಹಿಸುವದುಂಟು. ಮಲಿಕ ಅಂಬರನ ಚರಿತ್ರೆಯು ಈ ಊಹೆಗೆ ಬಾಧಕವಾಗಿದೆ. ಸುಮಾರು ೧೫೪೮ರಲ್ಲಿ ಅಬಿಸೀನಿಯದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಲ್ಪಟ್ಟು, ಅಹಮದನಗರದ ಹಬ್ಶಿ ಪೇಶ್ವೆಯಾದ ಚಂಗೀಜಖಾನನ ಸೇವೆಗೆ ಬಂದ ಈತನು, ಮಧ್ಯದಲ್ಲಿ ಕೆಲವು ಕಾಲ ವಿಜಾಪುರದ ಚಾಕರಿಯಲ್ಲಿಯೂ ಇದ್ದನು. ೧೬೦೦ರಲ್ಲಿ ಅಹಮದನಗರವು ಮೊಗಲರ ವಶವಾದ ನಂತರ ನಿಜಾಮಶಾಹಿಯ ಮನೆತನದ ಒಬ್ಬನನ್ನು ಪಟ್ಟಕ್ಕೇರಿಸಿ, ತನ್ನ ಮಗಳನ್ನು ಅವನಿಗೆ ಕೊಟ್ಟು, ಇಪ್ಪತ್ತೈದು ವರ್ಷ ಮೊಗಲರನ್ನು ತಡೆದು ನಿಲ್ಲಿಸಿದನು. ೧೬೨೪ರಲ್ಲಿ ಭಾತವಡಿಯ ರಣದಲ್ಲಿ ಮೊಗಲ ಮತ್ತು ವಿಜಾಪುರದ ಕೂಡುದಂಡನ್ನು ಮುರಿದನು.

ಇಂಥವನ ಮಗಳೂ ಅರಮನೆಯಲ್ಲಿ ನಿಂದೆಗೆ ಗುರಿಯಾದಳು. ಸುಲ್ತಾನನ ಹಿರಿಯ ರಾಣಿಯು ಇರಾಣಿಯ ಬಿಳಿಯ ಹೆಂಗಸು. ಅವಳು ಅಂಬರನ ಮಗಳನ್ನು ದಾಸಿಯೆಂದು ಹಳಿದು, ತಂದೆಯನ್ನೂ ಹೀನಾಯವಾಗಿ ಆಡಿದಳೆಂದೂ, ಸುಲ್ತಾನನ ಮರಣಕ್ಕೆ ಈ ಕಲಹವೇ ಮೂಲವಾಯಿತೆಂದೂ, ಅಂಬರನನ್ನು ೧೬೧೭ರಲ್ಲಿ ಕಂಡ ಡಚ್ಚ ವ್ಯಾಪಾರಿ ಪೀಟರ ವಾನ ಡೆನ ಬ್ರೂಕನು ಬರೆದಿಟ್ಟಿದ್ದಾನೆ. ಇಬ್ಬರೂ ಒಂದೇ ಮತದವರು, ಒಂದೇ ಅಂತಃಪುರದವರು. ಮತದ ಸಮಾನತೆಯು ಬಣ್ಣದ ಅಂತರವನ್ನು ತುಂಬಲಿಲ್ಲ.

ಮೊಗಲ ಬಾದಶಹ ಜಹಾಂಗೀರನು ತನ್ನ ಆತ್ಮಚರಿತ್ರೆಯಲ್ಲಿ ಅಂಬರನನ್ನು ಪದೇಪದೇ ಕರಿಮೋರೆಯವನೆಂದು ಬೈದಿದ್ದಾನೆ. ಅಬುಲ್ ಹಸನನೆಂಬ ಚಿತ್ರಕಾರನು ಸುಮಾರು ೧೬೧೬ರಲ್ಲಿ, ಭೂಗೋಳದ ಮೇಲೆ ನಿಂತ ಬಾದಶಹನು ಭಲ್ಲೆಗೆ ಚುಚ್ಚಿದ ಅಂಬರನ ರುಂಡಕ್ಕೆ ಬಾಣವನ್ನೆಸೆಯುವಂತೆ ಬರೆದನು. ವಾಸ್ತವದಲ್ಲಿ ಆ ರುಂಡವು ಮೊಗಲರಿಗೆ ಎಂದೂ ದೊರೆಯಲಿಲ್ಲ. ಅಂಬರನು ೧೬೨೬ರಲ್ಲಿ ವೃದ್ಧನಾಗಿ ಸಹಜವಾಗಿ ಮಡಿದನು. ಅವನು ಸತ್ತ ತರುವಾಯ ಮೊಗಲ ಬಖೈರುಕಾರ ಮುತಮದಖಾನನು, ಯುದ್ಧದಲ್ಲಿಯೂ ರಾಜ್ಯಭಾರದಲ್ಲಿಯೂ ಅವನಿಗೆ ಸಮಾನರಿರಲಿಲ್ಲವೆಂದು ಒಪ್ಪಿಕೊಂಡು, ಹಬ್ಶಿ ದಾಸನೊಬ್ಬನು ಇಂಥ ಪದವಿಗೇರಿದುದು ಚರಿತ್ರೆಯಲ್ಲಿ ಅಪೂರ್ವವೆಂದು ಬರೆದನು. ಈ ಪ್ರಶಂಸೆಯೂ ವಿಚಾರಣೀಯವೇ. ವ್ಯಕ್ತಿಯನ್ನು ಕುಲಕ್ಕೆ ಅಪವಾದವೆಂದು ಹೊಗಳುವಲ್ಲಿ ಕುಲದ ನಿಂದೆಯು ಅಡಗಿರುತ್ತದೆ.

೪. ಅಡವಿಯ ಸಿದ್ದಿಗಳು

ಉತ್ತರ ಕನ್ನಡದ ಸಿದ್ದಿಗಳ ಪೂರ್ವಜರಲ್ಲಿ ಬಹುಮಂದಿ ವಿಜಾಪುರದ ಕುದುರೆಸವಾರರಲ್ಲ. ಪೋರ್ತುಗೀಜರು ಮೊಜಾಂಬಿಕ ಮೊದಲಾದ ಆಫ್ರಿಕದ ಪೂರ್ವತೀರಗಳಿಂದ ಗೋವೆಗೆ ತಂದು ಮಾರಿದ ದಾಸರು ಒಡೆಯರ ಕೈತಪ್ಪಿಸಿ ಘಟ್ಟವನ್ನೇರಿದರೆಂಬದು ಸಾಮಾನ್ಯವಾಗಿ ಒಪ್ಪಿದ ಮತವು. ೨೦೧೧ರಲ್ಲಿ ಪ್ರಕಟವಾದ ವಂಶವಾಹಿಗಳ ಪರೀಕ್ಷೆಯೂ ಇದನ್ನು ಪುಷ್ಟೀಕರಿಸಿತು: ಕರ್ನಾಟಕ ಗುಜರಾಥಗಳ ಸಿದ್ದಿಗಳಲ್ಲಿ ಪೂರ್ವ ಆಫ್ರಿಕದ ಬಾಂಟೂ ಜನರ ಅಂಶವು ಹೇರಳವಾಗಿದ್ದು, ಭಾರತೀಯ ಅಂಶವೂ ಅಲ್ಪಾಂಶವಾಗಿ ಐರೋಪ್ಯ ಅಂಶವೂ ಬೆರೆತಿವೆ. ಹೀಗೆ ಹಬ್ಶಿ ಸರದಾರನದೊಂದು ಪ್ರವಾಹ, ಸಿದ್ದಿ ಆಳಿನದೊಂದು ಪ್ರವಾಹ. ಮೊದಲನೆಯದು ದಖ್ಖಣಿ ಮುಸಲ್ಮಾನರಲ್ಲಿ ಬಹುಮಟ್ಟಿಗೆ ಕರಗಿಹೋಯಿತು; ಎರಡನೆಯದು ಕರಗದೆ ಉಳಿಯಿತು.

ಇವರು ಬಂದು ಸೇರಿದ ನಾಡಿನಲ್ಲಿಯೂ ದಾಸ್ಯವು ಹೊಸದಾಗಿರಲಿಲ್ಲ. ೧೮೦೦–೦೧ರಲ್ಲಿ ಸಂಚರಿಸಿದ ಬುಕಾನನನು ಕಾನಡಾ ಪ್ರಾಂತದಲ್ಲಿ ಭೂಮಿಯೊಡನೆ ಬಾಳುತ್ತಿದ್ದ ಆಳುಮಕ್ಕಳ ವಿಷಯವನ್ನು ವಿಸ್ತಾರವಾಗಿ ಬರೆದಿದ್ದಾನೆ. ಬ್ರಿಟಿಷ ಸರಕಾರವು ೧೮೪೩ರ ಕಾಯದೆಯಿಂದ ದಾಸ್ಯಕ್ಕೆ ನ್ಯಾಯಾಲಯದ ಬೆಂಬಲವನ್ನು ತೆಗೆದುಹಾಕಿತು. ೧೮೬೨ರಿಂದ ಜಾರಿಗೆ ಬಂದ ದಂಡಸಂಹಿತೆಯು ಅದನ್ನು ಅಪರಾಧವೆಂದಿತು. ಪೋರ್ತುಗಾಲವು ತನ್ನ ಅಧೀನ ದೇಶಗಳಲ್ಲಿ ೧೮೬೯ರಲ್ಲಿ ದಾಸ್ಯವನ್ನು ರದ್ದು ಮಾಡಿತು. ಕಾಗದದ ಮೇಲೆ ದಾಸ್ಯವು ಹೋದರೂ ಸಾಲದ ಪತ್ರವು ಅದರ ಸ್ಥಾನವನ್ನು ಹಿಡಿಯಿತು. ಅಡಿಕೆಯ ತೋಟಗಳಲ್ಲಿಯೂ ಗದ್ದೆಗಳಲ್ಲಿಯೂ ಸಿದ್ದಿಗಳು ತಲೆಮಾರುಗಳ ಕಾಲ ಜೀತದಾಳುಗಳಾಗಿ ದುಡಿದರು. ಜೀತಪದ್ಧತಿಯನ್ನು ನಿಷೇಧಿಸುವ ಕಾಯದೆಯು ೧೯೭೬ರಲ್ಲಿ ಆಯಿತು. ಅದೇ ವರ್ಷ ಟಿ. ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಗಳನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು.

೫. ಸ್ವಜನರೊಳಗಿನ ಅಂತರ

ಸಿದ್ದಿಗಳಲ್ಲಿ ಹಿಂದೂ, ಮುಸಲ್ಮಾನ, ಕ್ರಿಸ್ತ ಈ ಮೂರೂ ಮತಗಳವರಿದ್ದಾರೆ. ಕನ್ನಡ, ಕೊಂಕಣಿ, ಮರಾಠಿ, ಉರ್ದೂ ಮಾತುಗಳನ್ನು ಸ್ಥಳಾನುಸಾರವಾಗಿ ಆಡುತ್ತಾರೆ. ಅಂದರೆ ಮತದಿಂದಲೂ ಭಾಷೆಯಿಂದಲೂ ಇವರು ಸುತ್ತಲಿನ ಸಮಾಜಗಳ ಅಂಗವೇ ಆಗಿದ್ದಾರೆ. ಆದರೆ ಆ ಮೂರು ಸಮಾಜಗಳಲ್ಲಿ ಯಾವುದೂ ಇವರನ್ನು ಸಂಪೂರ್ಣವಾಗಿ ತನ್ನವರೆಂದು ಎಣಿಸಲಿಲ್ಲ. ಹಿಂದೂ ಮನೆಗಳಲ್ಲಿ ಸಿದ್ದಿ ಆಳಿಗೆ ಅಂಗಳದ ಹೊರಗೆ ನೆಲೆ, ಬೇರೆ ಪಾತ್ರೆ. ಇಸ್ಲಾಮಿನಲ್ಲಿ ಜಾತಿಭೇದವಿಲ್ಲವೆಂಬದು ಬೋಧೆ. ಆದರೂ ಇತರ ಮುಸಲ್ಮಾನರಿಗೂ ಸಿದ್ದಿ ಮುಸಲ್ಮಾನರಿಗೂ ವಿವಾಹಸಂಬಂಧವು ವಿರಳ. ಕ್ರಿಸ್ತ ಸಿದ್ದಿಗಳಿಗೂ ಕೊಂಕಣಿ ಕ್ರಿಸ್ತರಿಗೂ ಇರುವ ಅಂತರವು ಇಂಥದೇ.

ಈ ಕೊನೆಯ ಉದಾಹರಣೆಯು ವಿಶೇಷವಾಗಿ ಚಿಂತನೀಯವಾಗಿದೆ. ಕಾನಡಾ ಪ್ರಾಂತದ ಕೊಂಕಣಿ ಕ್ರಿಸ್ತರ ಹಿರಿಯರಲ್ಲಿ ಅನೇಕರು ಗೋವೆಯ ಮತವಿಚಾರಣೆ, ಯುದ್ಧ, ತೆರಿಗೆಗಳ ಹಿಂಸೆಯನ್ನು ತಾಳಲಾರದೆ ದಕ್ಷಿಣಕ್ಕೆ ಬಂದವರು. ಸಿದ್ದಿಗಳೂ ಅದೇ ಗೋವೆಯಿಂದ ಓಡಿಬಂದವರು. ಒಂದೇ ಊರಿನ ಹಿಂಸೆಯನ್ನು ಅನುಭವಿಸಿದ ಎರಡು ಗುಂಪುಗಳು ಒಂದೇ ಅಡವಿಯ ಅಂಚಿನಲ್ಲಿ, ಒಂದೇ ದೇವರ ಗುಡಿಯಲ್ಲಿ ಸೇರಿದುವು. ಆದರೆ ಒಂದು ಗುಂಪು ಗೋವೆಯಿಂದ ಬರುವಾಗ ತನ್ನ ಕಷ್ಟದೊಡನೆ, ಕರಿಯನೆಂದರೆ ದಾಸನೆಂಬ ಗೋವೆಯ ಭಾವನೆಯನ್ನೂ ಹೊತ್ತು ತಂದಿತು. ತಾನು ನೊಂದವನಾದ ಮಾತ್ರಕ್ಕೆ ಪರರನ್ನು ನೋಯಿಸುವದಿಲ್ಲವೆಂಬ ನಿಯಮವು ಚರಿತ್ರೆಯಲ್ಲಿ ಕಾಣುವದಿಲ್ಲ.

ಕಾರವಾರದಲ್ಲಿ ಖಾಪ್ರಿ ದೇವನೆಂಬ ದೈವತದ ಗುಡಿಯಿದೆ. ಪೋರ್ತುಗೀಜರ ಕಾಲದಲ್ಲಿ ಆಫ್ರಿಕದಿಂದ ಬಂದ ಒಬ್ಬನೇ ಅಲ್ಲಿ ದೈವವಾದನೆಂದು ಐತಿಹ್ಯ. ಜಾತ್ರೆಯಲ್ಲಿ ಭಕ್ತರು ಅವನಿಗೆ ಮದ್ಯ, ಬೀಡಿ ಸಿಗರೇಟುಗಳನ್ನು ಹರಕೆಯಾಗಿ ಅರ್ಪಿಸುತ್ತಾರೆ. ನಾನಾ ಜಾತಿಮತಗಳವರು ಅಲ್ಲಿಗೆ ಬರುತ್ತಾರೆ. ಸತ್ತ ಖಾಪ್ರಿಗೆ ಕೈಮುಗಿಯುವ ನಾಡಿನಲ್ಲಿ ಬದುಕಿರುವ ಸಿದ್ದಿಯನ್ನು ಅದೇ ಹೆಸರಿನಿಂದ ಕರೆದರೆ ಅದು ಬೈಗುಳಾಗುತ್ತದೆ. ಭಯದಿಂದ ಹುಟ್ಟಿದ ಪೂಜೆಯು ಸಮಾನತೆಯ ಸಾಕ್ಷಿಯಲ್ಲ. ಇದಕ್ಕೆ ಪ್ರತಿಯಾಗಿ ಯಲ್ಲಾಪುರ ಸೀಮೆಯ ಸಾತುಂಬೈಲಿನ ಸಿದ್ದಿನಾಸ ಎಂಬ ಸ್ಥಾನದಲ್ಲಿ ಸಿದ್ದಿಗಳು ಮತಭೇದವನ್ನು ಬದಿಗಿಟ್ಟು ಕೂಡುತ್ತಾರೆ. ಡಮಾಮಿಯ ವಾದ್ಯವೂ ಕುಣಿತವೂ ಅವರಿಗೆಲ್ಲರಿಗೂ ಸಾಮಾನ್ಯವು. ಹೊರಗಿನವರು ಒಂದೇ ಬಗೆಯ ತಿರಸ್ಕಾರವನ್ನು ತೋರಿಸಿದುದರಿಂದ ಒಳಗಿನವರ ನಂಟು ಬಿಗಿದುಬಂದಿರಬಹುದು.

೬. ಸ್ಪೇನಿನ ಅಮೇರಿಕದ ಸಾದೃಶ್ಯ

ಸಮಾಜದೊಳಗಿನ ಈ ತಿರಸ್ಕಾರವು ಕನ್ನಡನಾಡಿನ ವೈಲಕ್ಷಣ್ಯವೇನೂ ಅಲ್ಲ. ಸ್ಪೇನಿನವರು ಆಳಿದ ಅಮೇರಿಕದ ದೇಶಗಳಲ್ಲಿ ಬಿಳಿಯ, ಮೂಲನಿವಾಸಿ, ಕರಿಯ ಈ ಮೂವರ ಮಿಶ್ರಣದಿಂದ ಹುಟ್ಟಿದ ಜನರನ್ನು ನಾನಾ ಪಂಗಡಗಳಾಗಿ ವಿಂಗಡಿಸಿ, ಕರಿಯ ಅಂಶವಿದ್ದವರನ್ನು ಕೆಳಗಿಟ್ಟಿದ್ದರು. ೧೭೯೫ರಲ್ಲಿ ಸ್ಪೇನಿನ ಅರಸನು, ಮಿಶ್ರವರ್ಣದವನು ಗೊತ್ತಾದ ಹಣವನ್ನು ತೆತ್ತು ತನ್ನ ವರ್ಣದೋಷದಿಂದ ಬಿಡುಗಡೆ ಪಡೆಯಬಹುದೆಂದು ದರಪಟ್ಟಿಯನ್ನು ಹೊರಡಿಸಿದನು. ಇದಕ್ಕೆ ಕಾರಾಕಾಸ ನಗರದ ಬಿಳಿಯ ಪ್ರಮುಖರು ಬಲವಾಗಿ ವಿರೋಧಿಸಿದರು. ಆ ಪ್ರಮುಖರಾದರೋ ಅಮೇರಿಕದಲ್ಲಿ ಹುಟ್ಟಿದವರೆಂಬ ಕಾರಣದಿಂದ ಸ್ಪೇನಿನ ಅಧಿಕಾರಿಗಳ ಅನಾದರಕ್ಕೆ ಪಾತ್ರರಾದವರು. ಮುಂದೆ ೧೮೧೦ರಲ್ಲಿ ಅದೇ ನಗರದಲ್ಲಿ ಸ್ಪೇನಿನ ಅಧಿಕಾರವನ್ನು ಕಿತ್ತೊಗೆದವರು. ಮೇಲಿನವರಿಂದ ತಮಗಾದ ಅನಾದರವು ಅವರಿಗೆ ಅಸಹ್ಯವಾಯಿತು. ತಾವು ಕೆಳಗಿನವರಿಗೆ ತೋರಿದ ಅನಾದರವು ಮಾತ್ರ ಧರ್ಮವೆಂದು ತೋರಿತು.

ಮೆಕ್ಸಿಕೋ ದೇಶದಲ್ಲಿ ಆಫ್ರಿಕ ವಂಶದ ಅಂಶವಿದ್ದ ಬಿಸೆಂತೆ ಗೆರೆರೋ ಎಂಬವನು ಅಧ್ಯಕ್ಷನಾಗಿ ೧೮೨೯ರಲ್ಲಿ ದಾಸ್ಯವನ್ನು ನಿಲ್ಲಿಸಿದನು. ಆದರೆ ಆ ದೇಶದ ಪೂರ್ಣ ಜನಗಣತಿಯಲ್ಲಿ ಆಫ್ರಿಕ ವಂಶೀಯರನ್ನು ಬೇರೆಯಾಗಿ ಎಣಿಸಿದ್ದು ೨೦೨೦ರಲ್ಲಿಯೇ. ಇಂದು ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿದ ಸ್ಪಾನಿಷ ಭಾಷಿಕರು ತಾವೇ ಭೇದಭಾವಕ್ಕೆ ಗುರಿಯಾಗಿದ್ದರೂ, ತಮ್ಮೊಳಗಿನ ಕರಿಯರನ್ನು ಮದುವೆಯಲ್ಲಿಯೂ ಮನ್ನಣೆಯಲ್ಲಿಯೂ ಹಿಂದಿಡುತ್ತಾರೆಂಬ ದೂರು ಅವರಲ್ಲಿಯೇ ಎದ್ದಿದೆ. ಮಲಿಕ ಅಂಬರನ ಉತ್ಕರ್ಷವೂ ಗೆರೆರೋನ ಉತ್ಕರ್ಷವೂ ಒಂದೇ ಪಾಠವನ್ನು ಹೇಳುತ್ತವೆ: ಒಬ್ಬನಿಗೆ ದೊರೆತ ವಿನಾಯಿತಿಯು ಎಲ್ಲರಿಗೂ ದೊರೆತ ನ್ಯಾಯವಲ್ಲ.

೭. ಉಪಸಂಹಾರ

ಉತ್ತರ ಕನ್ನಡದ ಸಿದ್ದಿಗಳು ೨೦೦೩ರಲ್ಲಿಯೂ, ಧಾರವಾಡ ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ೨೦೨೦ರಲ್ಲಿಯೂ ಪರಿಶಿಷ್ಟ ಪಂಗಡಗಳ ಯಾದಿಯಲ್ಲಿ ಸೇರಿದರು. ಒಂದೇ ಜನರು ಜಿಲ್ಲೆಯ ಗಡಿಯ ಕಾರಣದಿಂದ ಹದಿನೇಳು ವರ್ಷ ಎರಡು ಬಗೆಯಾಗಿ ಎಣಿಸಲ್ಪಟ್ಟರು. ೨೦೨೦ರಲ್ಲಿಯೇ ಶಾಂತಾರಾಮ ಸಿದ್ದಿಯವರು ರಾಜ್ಯದ ವಿಧಾನ ಪರಿಷತ್ತಿಗೆ ನೇಮಕಗೊಂಡು, ಈ ಜನರಿಂದ ಶಾಸನಸಭೆಯನ್ನು ಪ್ರವೇಶಿಸಿದವರಲ್ಲಿ ಮೊದಲಿಗರಾದರು. ಇದಕ್ಕೂ ಮುಂಚೆ, ೧೯೮೦ರ ದಶಕದಲ್ಲಿ, ಹೆಗ್ಗೋಡಿನ ನೀನಾಸಂ ಸಂಸ್ಥೆಯ ಪ್ರಯತ್ನದಿಂದ ಚಿದಂಬರರಾವ ಜಂಬೆಯವರು ಸಿದ್ದಿಗಳಿಂದಲೇ ನಾಟಕವಾಡಿಸಿದರು. ನೈಜೀರಿಯದ ಚಿನುವ ಅಚಿಬೆಯ ಕಾದಂಬರಿಯನ್ನು ಆಧರಿಸಿದ 'ಕಪ್ಪು ಜನ ಕೆಂಪು ನೆರಳು' ಎಂಬ ಆ ನಾಟಕದಲ್ಲಿ, ಆಫ್ರಿಕದ ಕಥೆಯನ್ನು ಆಫ್ರಿಕ ವಂಶದ ಕನ್ನಡಿಗರು ಕನ್ನಡದಲ್ಲಿ ಆಡಿ ತೋರಿಸಿದರು. ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದರೂ ಹಳೆಯ ಭಾವನೆಯು ನಶಿಸಿಲ್ಲ. ೨೦೧೬ರ ಜನವರಿಯ ಕೊನೆಗೆ ಬೆಂಗಳೂರಿನಲ್ಲಿ, ಸುದಾನದವನೊಬ್ಬನ ಕಾರಿನಿಂದಾದ ಅಪಘಾತದ ಸಿಟ್ಟಿಗೆ, ಅದಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆ ಜನರ ಗುಂಪು ಕೈಮಾಡಿತು. ಬಣ್ಣವೊಂದೇ ಅವಳ ಅಪರಾಧವಾಯಿತು. ಶತಮಾನಗಳಿಂದ ಇಲ್ಲಿಯೇ ಬಾಳಿದ ಸಿದ್ದಿಗಳನ್ನೂ ಪೇಟೆಯ ಜನರು ಯಾವ ದೇಶದವರೆಂದು ಕೇಳುತ್ತಾರೆ. ಅವರು ಅಚ್ಚ ಕನ್ನಡದಲ್ಲಿ ಉತ್ತರ ಕೊಟ್ಟರೆ ಬೆರಗಾಗುತ್ತಾರೆ.

ಈ ಬೆರಗು ಅಜ್ಞಾನದಿಂದ ಹುಟ್ಟಿದುದು. ಅಜ್ಞಾನವನ್ನು ಕಳೆಯುವದು ವಿದ್ವಾಂಸರ ಹಾಗೂ ಉಪಾಧ್ಯಾಯರ ಕೆಲಸವು. ರೋಣ, ನರಗುಂದ, ಗಜೇಂದ್ರಗಡಗಳ ಇತಿಹಾಸವನ್ನು ಬೋಧಿಸುವಾಗ ಶಿವಾಜಿ, ಟೀಪೂ, ಬಾಬಾಸಾಹೇಬರ ಜತೆಗೆ ಆ ಮಣ್ಣಿನ ಆಡಳಿತವನ್ನು ನಡೆಯಿಸಿದ ಹಬ್ಶಿ ಅಮಾತ್ಯರ ಹೆಸರನ್ನೂ ಹೇಳತಕ್ಕದ್ದು. ಆದರೆ ಸರದಾರರ ವೈಭವವನ್ನು ಹೇಳಿ ಆಳಿನ ಕಷ್ಟವನ್ನು ಬಿಟ್ಟರೆ ಆ ಬೋಧನೆಯು ಅರ್ಧವಾಗುವದು. ಸಿದ್ದಿಗಳ ಹಾಡು, ಕಥೆ, ವಂಶದ ನೆನಪು, ಕೊಂಕಣಿ ಕನ್ನಡಗಳ ಅವರ ಒಳನುಡಿ, ಇವು ವೃದ್ಧರ ಬಾಯಲ್ಲಿರುವಾಗಲೇ ಸಂಗ್ರಹವಾಗತಕ್ಕದ್ದು. ಮತ್ತು ಅವು ಪರದೇಶದ ಕುತೂಹಲವಸ್ತುವಾಗಿ ಅಲ್ಲ, ಕನ್ನಡದ ಸ್ವತ್ತಾಗಿ ಅಚ್ಚಾಗತಕ್ಕದ್ದು. ಒಂದೇ ಮತ, ಒಂದೇ ಮಾತು, ಒಂದೇ ಬಡತನ ಇವು ತಾವಾಗಿಯೇ ಮನುಷ್ಯರನ್ನು ಸಮಾನರನ್ನಾಗಿ ಮಾಡುವದಿಲ್ಲವೆಂಬದನ್ನು ಈ ಚರಿತ್ರೆಯು ಸ್ಪಷ್ಟವಾಗಿ ತಿಳಿಸುತ್ತದೆ. ಸಮಾನತೆಯನ್ನು ಪ್ರತಿಯೊಂದು ಸಮಾಜವೂ ತನ್ನ ಮನೆಯೊಳಗೆ, ತನ್ನ ಪಂಕ್ತಿಯಲ್ಲಿ, ತನ್ನ ಮದುವೆಯ ಚಪ್ಪರದಲ್ಲಿ ಬೇರೆಯಾಗಿ ಸಾಧಿಸಬೇಕಾಗುವದು.